ಸಂಡಾಸದ ದೀಪಕ್ಕೊಂದು ಕಬ್ಬಿನ ಸಿಬರು

ಲಗಮಣ್ಣನಿಗೆ ಬರುತ್ತಿದ್ದ ವಿದ್ಯೆ ಒಂದೇ. ಅದು ಮೋಟಾರಿನ ಸ್ಟಾರ್ಟರಿಗೆ ಸಿಬರು ಇಡುವುದು. ಹೊಳೆಸಾಲಿನಲ್ಲಿ ತ್ರೀ ಫೇಜ್ ಕರೆಂಟು ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಎಂಬುದು ಕೊಡುವವರಿಗೂ ಖಾತ್ರಿಯಿಲ್ಲದ ಮಾತು. ಬಂದಾಗಲೆಲ್ಲ ಎದ್ದು ಹೋಗಿ ಹಸಿರು ಗುಂಡಿ ಒತ್ತಬೇಕೆಂದರೆ ರೈತನಾದವನು ಹೊಲದಲ್ಲೇ ಸಂಸಾರ ಹೂಡಬೇಕು. ಅದರ ಬದಲು ಗುಂಡಿಯನ್ನು ಒಳಕ್ಕೆ ಒತ್ತಿ, ಸಂದಿಯಲ್ಲಿ ಒಂದು ಕಬ್ಬಿನ ಸಿಬರು ತುರುಕಿ ಬಂದರಾಯಿತು. ಕರೆಂಟು ಬಂದ ಕೂಡಲೇ ಮೋಟಾರು ತಾನೇ ಏಳುತ್ತದೆ, ಧಣಿ ಮನೆಯಲ್ಲಿ ರೊಟ್ಟಿ ತಿನ್ನುತ್ತಿರುತ್ತಾನೆ. ಇದನ್ನು ಎಲ್ಲರೂ ಮಾಡುತ್ತಾರೆ. ಆದರೆ ಸಿಬರನ್ನು ಎಷ್ಟು ದಪ್ಪ ಸೀಳಬೇಕು, ಯಾವ ಓರೆಯಲ್ಲಿ ತುರುಕಬೇಕು ಎಂಬುದನ್ನು ತನ್ನಷ್ಟು ಬಲ್ಲವನು ಚಿಕ್ಕೋಡಿಯಿಂದ ಕಾಗವಾಡದವರೆಗೆ ಇಲ್ಲವೆಂದು ಲಗಮಣ್ಣ ನಂಬಿದ್ದ. ಅವನ ಎರಡು ಮೋಟಾರು ಸುಟ್ಟಿದ್ದವು. ಅದು ಬೇರೆ ಮಾತು.

ಆ ಶ್ರಾವಣದಲ್ಲಿ ದೂಧಗಂಗಾ ದಂಡೆ ಬಿಟ್ಟು ಊರೊಳಗೆ ಬಂತು. ಹೊಳೆದಂಡೆಯ ನಲವತ್ತು ಮನೆಗಳ ಮಂದಿ, ಎಮ್ಮೆ ಆಡುಗಳ ಸಮೇತ, ಬೇಡಕಿಹಾಳದ ದಿಕ್ಕಿಗಿದ್ದ ದಿನ್ನೆಯ ಮೇಲಿನ ಶಾಲೆಗೆ ಬಂದು ಸೇರಿದರು. ಶಾಲೆಗೆ ಕಾಳಜಿ ಕೇಂದ್ರ ಎಂದು ಬೋರ್ಡು ಬಿತ್ತು. ಲಗಮಣ್ಣನಿಗೆ, ಅವನ ಹೆಂಡತಿ ಚನ್ನವ್ವನಿಗೆ, ಮಗಳು ಮನೀಷಾಗೆ ನಾಲ್ಕನೆಯ ತರಗತಿಯ ಖೋಲಿಯಲ್ಲಿ ಕರಿಹಲಗೆಯ ಕೆಳಗೆ ಜಾಗ ಸಿಕ್ಕಿತು. ಮನೀಷಾ ಎಂಟು ತಿಂಗಳ ಬಸುರಿ. ಚೊಚ್ಚಲ ಬಾಣಂತನಕ್ಕೆಂದು ಅಲಖನೂರಿನ ಅತ್ತೆಮನೆಯಿಂದ ತವರಿಗೆ ಬಂದಿದ್ದಳು. ಬಂದ ಒಂಬತ್ತನೆಯ ದಿನ ತವರುಮನೆಯ ಅಡುಗೆಮನೆಯಲ್ಲಿ ಮೊಣಕಾಲುದ್ದ ನೀರು ನಿಂತಿತು.

ಮೂರನೆಯ ದಿನ ಅಳಿಯ ಅಮೋಲನ ಫೋನು ಬಂತು.

"ಮಾವಾ, ಅಲ್ಲಿ ಸಂಡಾಸ ಹೆಂಗದಾವ್ರಿ? ಅಪ್ಪ ಅದನ್ನ ಕೇಳಾಕತ್ತಾನ. ಬಸುರಿ ಹೆಂಗಸು ತಾಸಿಗೊಮ್ಮಿ ಹೋಗಾಕಬೇಕು. ಹೊಲಸ ಇದ್ರ ರೋಗ ಹತ್ತತೈತಿ. ಕರ್ಕೊಂಡ ಬಂದಬಿಡ್ತೀನಿ ಅಂತಾನ."

ಫೋನು ಸ್ಪೀಕರಿನಲ್ಲಿತ್ತು. ಚನ್ನವ್ವನ ಕೈಯ ರೊಟ್ಟಿ ಕೈಯಲ್ಲೇ ನಿಂತಿತು. ಫೋನು ಇಟ್ಟ ಮೇಲೆ ಅವಳು ಗಂಡನಿಗೆ ಮೆಲ್ಲಗೆ ಹೇಳಿದಳು. "ಹೊಳಿ ಮನಿ ತಗೊಂಡಿತು, ತಗೊಳ್ಳಿ. ಮಗಳ ಚೊಚ್ಚಲ ಬಾಣಂತನ ಅತ್ತೀಮನ್ಯಾಗ ಆತಂದ್ರ, ನಾ ನಾಳೆ ಯಾರ ಮದವ್ಯಾಗ ಹೋಗಿ ಕುಂದ್ರಲಿ? ಏನಾರ ಮಾಡ್ರಿ. ಹುಡುಗಿ ಇಲ್ಲಿಂದ ಕದಲಬಾರ್ದು."

ನೂರಾ ಅರವತ್ತು ಮಂದಿಗೆ ಸಂಡಾಸ ಮೂರು. ಅವುಗಳ ಸ್ಥಿತಿಯನ್ನು ಇಲ್ಲಿ ವರ್ಣಿಸುವುದಿಲ್ಲ. ಓದುವವರು ಊಟಕ್ಕೆ ಮೊದಲೂ ಓದಬಹುದು.

ಅದೇ ಮಧ್ಯಾಹ್ನ ಆರೋಗ್ಯ ಇಲಾಖೆಯ ಶೈಲಾ ಎಂಬಾಕೆ ಜೀಪಿನಲ್ಲಿ ಒಂದು ಪೆಟ್ಟಿಗೆ ತಂದಳು. ಅದರಲ್ಲಿ ಉದ್ದನೆಯ ಗಾಜಿನ ಕೊಳವೆಯಂಥ ದೀಪವಿತ್ತು. ಕೊನೆಯ ಸಂಡಾಸದ ಚಾವಣಿಗೆ ಅದನ್ನು ಕೂರಿಸಿದರು. ಹೊರಗಿನ ಗೋಡೆಯ ಮೇಲೆ ಒಂದು ಗುಂಡಿ, ಗುಂಡಿಯ ಪಕ್ಕ ಒಂದು ಸಣ್ಣ ಕೆಂಪು ದೀಪ. ವಯರು ಕಬ್ಬಿಣದ ಪೈಪಿನೊಳಗಿಂದ ಹೆಡ್ ಮಾಸ್ತರರ ಖೋಲಿಗೆ ಹೋಯಿತು. ಶೈಲಾ ಎಲ್ಲರನ್ನೂ ಕೂಡಿಸಿ ಹೇಳಿದಳು.

"ಇದು ನೇರಳಾತೀತ ಬೆಳಕು. ಮೊದಲ ನೀರ ಹಾಕಿ, ಬ್ರಶ್ ಹಚ್ಚಿ ತಿಕ್ಕಿ ತೊಳಿಬೇಕು. ಹೊಲಸ ತಗಿಯೂದು ದೀಪದ ಕೆಲಸ ಅಲ್ಲ. ತೊಳದ ಮ್ಯಾಲ ಬಾಗಲಾ ಮುಚ್ಚಿ ಗುಂಡಿ ಒತ್ತರಿ. ಹನ್ನೆರಡ ನಿಮಿಷ ಉರದು ತಾನ ಆರತೈತಿ. ಕಣ್ಣಿಗೆ ಕಾಣದ ರೋಗದ ಹುಳ ಸಾಯ್ತಾವು. ಆದ್ರ ಉರಿಯೂವಾಗ ಒಳಗ ಮನಶಾ ಇರಬಾರ್ದು. ಕಣ್ಣಾಗ ಉಸುಕ ತುಂಬಿದಂಗ ಆಕ್ಕೈತಿ, ತೊಗಲ ಸುಡತೈತಿ. ಕೆಂಪು ದೀಪ ಹತ್ತಿದ್ರ ಯಾರೂ ಬಾಗಲಾ ಮುಟ್ಟಬ್ಯಾಡ್ರಿ. ಇನ್ನೊಂದು. ಕರೆಂಟ ಹೋಗಿ ಬಂದ್ರ ಇದು ತಾನ ಹತ್ತೂದಿಲ್ಲ. ಒಳಗ ಯಾರಿಲ್ಲ ಅಂತ ನೋಡಿ ಮತ್ತ ಕೈಯಿಂದನ ಒತ್ತಬೇಕು. ಬೇಕಂತನ ಹಂಗ ಮಾಡ್ಯಾರ."

ಲಗಮಣ್ಣ ಎಲ್ಲವನ್ನೂ ಲಕ್ಷ್ಯಗೊಟ್ಟು ಕೇಳಿದ. ಕರೆಂಟು ಬಂದರೂ ತಾನೇ ಹತ್ತದ ಯಂತ್ರವೆಂದರೆ ಅದು ಯಂತ್ರದ ಕೊರತೆ ಎಂದು ಅವನ ಅನುಭವ ಹೇಳಿತು. ಬೇಕಂತನ ಎಂಬ ಮಾತು ಅವನ ಕಿವಿಯ ಹತ್ತಿರ ಬಂದು ಹಾಗೇ ಮುಂದೆ ಹೋಯಿತು.

"ಇದನ್ನ ನೋಡ್ಕೊಳ್ಳಾವ್ರು ಯಾರು?" ಎಂದಳು ಶೈಲಾ.

"ನಾನ್ರಿ," ಎಂದು ಲಗಮಣ್ಣ ಎದ್ದು ನಿಂತ. "ಇಪ್ಪತ್ತ ವರ್ಷ ಮೋಟಾರ ನಡಸೇನ್ರಿ ಮೇಡಮ್ಮಾರ."

ಸಂಡಾಸದ ಬೀಗದ ಕೈ ದಾರದಲ್ಲಿ ಪೋಣಿಸಿಕೊಂಡು ಅವನ ಕೊರಳಿಗೆ ಬಂತು. ಕೊನೆಯ ಸಂಡಾಸ ಬಸುರಿಯರಿಗೆ, ಬಾಣಂತಿಯರಿಗೆ, ಮುದುಕರಿಗೆ ಎಂದು ಗೊತ್ತಾಯಿತು. ಲಗಮಣ್ಣ ಮೈಮುರಿದು ತಿಕ್ಕಿದ, ತೊಳೆದ, ಗುಂಡಿ ಒತ್ತಿದ. ಬಾಗಿಲ ಕೆಳಗಿನ ಸಂದಿಯಲ್ಲಿ ನೀಲಿ ಬೆಳಕು ಕಂಡಾಗ, ಆಡು ಕಾಯುವ ಮುದುಕಿ ರಾಮವ್ವ ನೀರಿನ ಚರಗಿ ಕೆಳಗಿಟ್ಟು ಕೈ ಮುಗಿದಳು.

"ಯಾಕ ಎವ್ವಾ, ಸಂಡಾಸಕ್ಕ ಕೈ ಮುಗಿತಿ?" ಎಂದು ಯಾರೋ ನಕ್ಕರು.

"ದೀಪಕ್ಕ ಮುಗದೆ. ಅದನ್ನ ಎಲ್ಲಿ ಇಟ್ಟಾರ ಅನ್ನೂದು ಇಟ್ಟಾವರ ಪಾಪ," ಎಂದಳು ರಾಮವ್ವ.

ಸಂಜೆ ಲಗಮಣ್ಣ ತಾನೇ ಅಲಖನೂರಿಗೆ ಫೋನು ಹಚ್ಚಿದ. ಬೀಗರು ದಾದಾಸಾಹೇಬರೇ ಎತ್ತಿದರು. "ಬೀಗರ, ಇಲ್ಲಿ ಸಂಡಾಸಕ್ಕ ಬೆಳಕಿನ ಸ್ನಾನ ಮಾಡಸ್ತೇವ್ರಿ. ದವಾಖಾನ್ಯಾಗೂ ಇಂಥಾದ್ದಿಲ್ಲ. ನಾನ ಇನ್‌ಚಾರ್ಜ್ ಇದ್ದೀನ್ರಿ."

ದಾದಾಸಾಹೇಬರು ಹನ್ನೊಂದು ಎಕರೆ ಕಬ್ಬಿನ ಧಣಿ. ಮಾತನ್ನು ಬಿತ್ತನೆಯ ಬೀಜದಂತೆ ಎಣಿಸಿ ಹಾಕುವವರು. "ಬಂದ ನೋಡ್ತೀನಿ," ಎಂದು ಇಟ್ಟರು.

ದೀಪ ಚೆನ್ನಾಗಿಯೇ ಇತ್ತು. ಕರೆಂಟು ಚೆನ್ನಾಗಿರಲಿಲ್ಲ. ಹತ್ತು ನಿಮಿಷ ಬಂದು ಐದು ನಿಮಿಷ ಹೋಗುತ್ತಿತ್ತು. ಪ್ರತಿ ಸಲವೂ ಮಳೆಯಲ್ಲಿ ಅಂಗಳ ದಾಟಿ, ಬೀಗ ನೋಡಿ, ಗುಂಡಿ ಒತ್ತಬೇಕು. ಎರಡು ದಿನದಲ್ಲಿ ಲಗಮಣ್ಣನ ಮೊಣಕಾಲು ಹಿಡಿದವು. ಮೂರನೆಯ ದಿನ ಅವನು ಎಮ್ಮೆಯ ಮುಂದೆ ಬಿದ್ದಿದ್ದ ಕಬ್ಬಿನ ತುಂಡೊಂದನ್ನು ಎತ್ತಿ, ಅದರ ಸಿಪ್ಪೆಯನ್ನು ತೆಳ್ಳಗೆ ಸೀಳಿ, ಗುಂಡಿಯನ್ನು ಒಳಕ್ಕೆ ಒತ್ತಿ, ಸಂದಿಯಲ್ಲಿ ಅದನ್ನು ತನ್ನ ಇಪ್ಪತ್ತು ವರ್ಷದ ಓರೆಯಲ್ಲಿ ತುರುಕಿದ. ಕರೆಂಟು ಹೋಯಿತು. ಬಂತು. ದೀಪ ತಾನೇ ಹತ್ತಿತು. ಲಗಮಣ್ಣ ಸುತ್ತಲೂ ನೋಡಿದ. ಎಮ್ಮೆಯೊಂದೇ ನೋಡುತ್ತಿತ್ತು.

ಅಪಾಯವೇನೂ ಇರಲಿಲ್ಲ. ಕರೆಂಟು ಹೋದಾಗ ಅವನು ಬಾಗಿಲಿಗೆ ಬೀಗ ಹಾಕಿರುತ್ತಿದ್ದ. ಯಾರಾದರೂ ಹೋಗಬೇಕೆಂದರೆ ಸಿಬರು ಕಿತ್ತು, ಬೀಗ ತೆಗೆದು ಕೊಡುತ್ತಿದ್ದ. ಈ ಏರ್ಪಾಡು ಒಂದೂವರೆ ದಿನ ಗಡಿಯಾರದಂತೆ ನಡೆಯಿತು. ಆಮೇಲೆ ದಾದಾಸಾಹೇಬರು ಬಂದರು.

ಬೆಳಿಗ್ಗೆಯಿಂದ ಕರೆಂಟಿರಲಿಲ್ಲ. ಎಲ್ಲರ ಮೊಬೈಲೂ ಸತ್ತಿದ್ದವು. ಮೂರೂವರೆಗೆ ಲೈನ್‌ಮನ್ ನಿಲೇಶ ಮೋಟಾರ್ ಸೈಕಲ್ಲಿನಲ್ಲಿ ಗೇಟಿನ ಮುಂದೆ ಹಾದುಹೋಗುತ್ತ, "ತಂತಿ ಜೋಡಿಸೇವಿ, ನಾಲ್ಕಕ್ಕ ಬಿಡ್ತೀನಿ," ಎಂದು ಕೂಗಿ ಹೋದ. ಮಂದಿಗೆಲ್ಲ ಹಬ್ಬವಾಯಿತು. ಅವನ ಹಿಂದೆಯೇ ಬಂದ ಟೆಂಪೋದಿಂದ, ತಲೆಗೆ ಗುಲಾಬಿ ಬಣ್ಣದ ಪಟಕಾ ಸುತ್ತಿದ ದಾದಾಸಾಹೇಬರು ಅಂಟಿನ ಉಂಡೆಯ ಡಬ್ಬಿ ಹಿಡಿದು ಇಳಿದರು. ಸೊಸೆಯ ಮುಖ ನೋಡಿದರು, ಖೋಲಿ ನೋಡಿದರು, ಕರಿಹಲಗೆ ನೋಡಿದರು. ಆಮೇಲೆ ಒಂದೇ ಮಾತು ಹೇಳಿದರು.

"ಸಂಡಾಸ ತೋರಸ್ರಿ."

ಲಗಮಣ್ಣ ಕೊರಳ ಬೀಗದ ಕೈಯನ್ನು ದೇವರ ಪದಕದಂತೆ ಎತ್ತಿ, ಬೀಗ ತೆಗೆದು, ಬಾಗಿಲು ತೆರೆದು ತೋರಿಸಿದ. "ನೋಡ್ರಿ, ಮೂಗಿಗೆ ಕೇಳ್ರಿ. ಕೆಂಪು ದೀಪ ಹತ್ತಿರಲಿಲ್ಲಂದ್ರ ಯಾರರ ಆರಾಮ ಒಳಗ ಹೋಗಬಹುದ್ರಿ." ಅಷ್ಟರಲ್ಲಿ ಚನ್ನವ್ವ ಸೆರಗು ಎಳೆದುಕೊಂಡು ದೂರದಿಂದಲೇ ಚಹಾ ಸನ್ನೆ ಮಾಡಿದಳು. ಲಗಮಣ್ಣ ಚಹಾ ತರಲು ಹೋದ. ದಾದಾಸಾಹೇಬರು ಅಲಖನೂರಿನಿಂದ ಮೂರು ಕಡೆ ಚಹಾ ಕುಡಿದು ಬಂದವರು. ಚರಗಿಯಲ್ಲಿ ನೀರು ತುಂಬಿಕೊಂಡು ಒಳಗೆ ಹೋಗಿ ಅಗಳಿ ಹಾಕಿದರು.

ಲಗಮಣ್ಣ ಎರಡು ಕಪ್ ಚಹಾ ಹಿಡಿದು ಬಂದಾಗ ಬಾಗಿಲು ಮುಚ್ಚಿತ್ತು. ಬಾಗಿಲ ಮುಂದೆ ಬೀಗರ ಕೊಲ್ಹಾಪುರಿ ಚಪ್ಪಲಿ ಇದ್ದವು. ಗೋಡೆಯ ಗುಂಡಿಯಲ್ಲಿ, ಅವನು ಕೀಳಲು ಮರೆತ ಸಿಬರು ಇತ್ತು. ಶಾಲೆಯ ಗಡಿಯಾರದಲ್ಲಿ ಮೂರು ಗಂಟೆ ನಲವತ್ತು ನಿಮಿಷ.

ಚಹಾ ಕಪ್ಪುಗಳನ್ನು ಕಟ್ಟೆಯ ಮೇಲಿಟ್ಟು ಅವನು ಸಿಬರನ್ನು ಎಳೆದ. ಒಂದೂವರೆ ದಿನದ ಮಳೆಗೆ ಅದು ಉಬ್ಬಿತ್ತು. ಉಗುರಿನಲ್ಲಿ ಹಿಡಿದು ಇನ್ನೊಮ್ಮೆ ಎಳೆದ. ಅರ್ಧ ಕೈಗೆ ಬಂತು. ಉಳಿದರ್ಧ ಒಳಗೆ, ಗುಂಡಿಯ ಸಮಕ್ಕೆ ಮುರಿದು ಕುಳಿತಿತು. ಇನ್ನು ಅದನ್ನು ತೆಗೆಯಲು ಬಡಿಗನೇ ಬರಬೇಕು. ವಯರಿನ ಮೂಲ ಹೆಡ್ ಮಾಸ್ತರ ಸಿದ್ದಲಿಂಗ ಅವರ ಖೋಲಿಯಲ್ಲಿತ್ತು. ಖೋಲಿಗೆ ಬೀಗವಿತ್ತು. ಬೀಗದ ಕೈ ಸಿದ್ದಲಿಂಗರ ಕಿಸೆಯಲ್ಲಿತ್ತು. ಸಿದ್ದಲಿಂಗರು ನೀರಿನಲ್ಲಿ ಸಿಕ್ಕವರನ್ನು ತರಲು ಹೋದ ದೋಣಿಯಲ್ಲಿದ್ದರು.

ಒಳಗಿರುವವರನ್ನು ಕೂಗಿ ಹೊರಗೆ ಕರೆಯಬಾರದೇ ಎಂದು ಹೊರಗಿನವರು ಕೇಳಬಹುದು. ಸಂಡಾಸದಲ್ಲಿ ಕುಳಿತವರ ಜೊತೆ ಈ ಕಡೆ ಯಾರೂ ಮಾತಾಡುವುದಿಲ್ಲ. ಹೊರಗೆ ಬಂದವನು ಕೆಮ್ಮುತ್ತಾನೆ. ಒಳಗಿದ್ದವನು ಕೆಮ್ಮುತ್ತಾನೆ. ಜಾಗ ಖಾಲಿಯಿಲ್ಲ ಎಂದು ಅದರ ಅರ್ಥ. ಒಳಗಿದ್ದವರು ಬೀಗರಾದರೆ ಕೆಮ್ಮುವುದೂ ಸಲುಗೆಯೇ. ಅದೂ ಅಲ್ಲದೆ ಕೂಗಿ ಏನೆಂದು ಹೇಳುವುದು? ದೀಪ ನಿಮ್ಮ ಮೇಲೆ ಹತ್ತಲಿದೆ, ಹತ್ತುವಂತೆ ಮಾಡಿದವನು ನಾನೇ ಎಂದೇ? ಹೇಳಿದ ಗಳಿಗೆಯೇ ಮನೀಷಾಳ ಚೀಲ ಟೆಂಪೋ ಏರುತ್ತದೆ.

ಲಗಮಣ್ಣ ಕೆಮ್ಮಿದ.

ಒಳಗಿನಿಂದ ಗಂಭೀರವಾದ ಒಂದು ಕೆಮ್ಮು ಬಂತು.

ಲಗಮಣ್ಣ ಇನ್ನೂ ಜೋರಾಗಿ ಎರಡು ಸಲ ಕೆಮ್ಮಿದ. ಒಳಗಿನಿಂದ ಎರಡು ಸಲ ಬಂತು, ಸ್ವಲ್ಪ ಬಿರುಸಾಗಿ. ಅವಸರದವರು ಬೇರೆ ಕಡೆ ಹೋಗಲಿ ಎಂಬ ಧಾಟಿ.

"ಬೀಗರ, ಚಾ ಆರಾಕತ್ತೈತ್ರಿ," ಎಂದ ಲಗಮಣ್ಣ ಗೋಡೆಗೆ ಮುಖ ಮಾಡಿ.

ಚಹಾಕ್ಕಾಗಿ ಸಂಡಾಸದಿಂದ ಎದ್ದುಬರುವ ಮನೆತನ ಅವರದಲ್ಲ.

ಲಗಮಣ್ಣ ಮತ್ತೆ ಕೆಮ್ಮಲು ಹತ್ತಿದ. ಈ ಸಲ ನಿಲ್ಲಿಸಲಿಲ್ಲ. ಚರಗಿ ಹಿಡಿದು ಬಂದ ರಾಮವ್ವ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಏನೋ ಲಗಮಣ್ಣ, ದಮ್ಮ ಹತ್ತೇತೇನು? ನಮ್ಮ ಆಡು ಸಾಯೂ ಮುಂದ ಹಿಂಗ ಕೆಮ್ಮತಿತ್ತು."

ಆ ಕೆಮ್ಮು ಅಂಗಳ ದಾಟಿ, ಔಷಧ ಹಂಚುತ್ತಿದ್ದ ಶೈಲಾಳ ಕಿವಿಗೂ ಬಿತ್ತು. ಅವಳು ಮಾಸ್ಕು ಹಿಡಿದುಕೊಂಡೇ ಬಂದಳು. "ಕಾಕಾ, ಎಷ್ಟ ದಿನದಿಂದ ಐತ್ರಿ ಈ ಕೆಮ್ಮು?"

"ಐದ ನಿಮಿಷದಿಂದ್ರಿ."

"ಸುಳ್ಳ ಹೇಳಬ್ಯಾಡ್ರಿ. ಮಗಳು ಬಸುರಿ ಅದಾಳ. ಒಂದ ಖೋಲ್ಯಾಗ ನಲವತ್ತ ಮಂದಿ ಮಲಗ್ತಾರ. ಕೆಮ್ಮಾವ್ರನ್ನ ಬ್ಯಾರೆ ಇಡಬೇಕಂತ ಆದೇಶ ಐತಿ. ನಡೀರಿ."

"ಮೇಡಮ್ಮಾರ, ನಾ ಇಲ್ಲಿಂದ ಕದಲಾಂಗಿಲ್ರಿ. ಡ್ಯೂಟಿ ಐತಿ."

"ಡ್ಯೂಟಿ ಆಮ್ಯಾಲ."

ಅವಳು ತಾನೇ ಅವನ ಮೂಗು ಬಾಯಿಗೆ ಮಾಸ್ಕು ಏರಿಸಿ, ರಟ್ಟೆ ಹಿಡಿದು ಅಂಗಳದ ಆ ತುದಿಯ ಖೋಲಿಗೆ ಕರೆದೊಯ್ದು, ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿದಳು. ಸುದ್ದಿ ಅವಳಿಗಿಂತ ಮುಂದೆ ಓಡಿತು. ಮೊದಲ ಖೋಲಿಯಲ್ಲಿ ಲಗಮಣ್ಣನಿಗೆ ಕೆಮ್ಮು ಎಂದಿದ್ದುದು ಮೂರನೆಯ ಖೋಲಿಗೆ ಬರುವಾಗ ಕೇಂದ್ರದಲ್ಲೆಲ್ಲ ರೋಗ ಎಂದಾಗಿತ್ತು. ಚನ್ನವ್ವ ಕಿಟಕಿಯ ಸರಳು ಹಿಡಿದು ಪಿಸುಗುಟ್ಟಿದಳು.

"ನಿಮಗ ಕೆಮ್ಮ ಬರಾಕ ಇವತ್ತ ಸಿಕ್ತೇನ್ರಿ? ಬೀಗರು ಹೊರಗ ಬಂದು ರೋಗ ಐತಿ ಅಂತ ಕೇಳಿದ್ರ ನಿಂತ ಕಾಲಮ್ಯಾಲ ಹುಡಿಗೀನ ಕರ್ಕೊಂಡ ಹೋಗ್ತಾರ. ಇನ್ನೊಮ್ಮಿ ಕೆಮ್ಮಿದ್ರ ನೋಡ್ರಿ ಮತ್ತ."

"ಏ ಕೇಳಿಲ್ಲಿ. ಬೀಗರು ಹೊರಗ ಬರಬೇಕು. ಈಗಿಂದೀಗ ಬರಬೇಕು."

"ಅವರು ಆರಾಮ ಕುಂತಾರ, ಕುಂದ್ರಲಿ. ಸಂಡಾಸ ಸ್ವಚ್ಛ ಐತಿ ಅಂತ ಖಾತ್ರಿ ಆಗಲಿ. ನೀವು ಬಾಯಿ ಮುಚ್ಚರಿ."

ಕಿಟಕಿಯಿಂದ ಅವನಿಗೆ ಮೂರು ವಸ್ತು ಕಾಣುತ್ತಿದ್ದವು. ಮುಚ್ಚಿದ ಬಾಗಿಲು, ಗಡಿಯಾರ, ಗೇಟಿನಾಚೆಯ ಟ್ರಾನ್ಸ್‌ಫಾರ್ಮರ್ ಕಂಬ. ಗಡಿಯಾರದಲ್ಲಿ ನಾಲ್ಕಕ್ಕೆ ಎಂಟು ನಿಮಿಷ ಕಡಿಮೆ. ವರಾಂಡದ ಪ್ಲಗ್ಗುಗಳಿಗೆ ಮಂದಿ ಆಗಲೇ ಚಾರ್ಜರು ಚುಚ್ಚಿ, ಸಾಲಾಗಿ ಕುಳಿತು, "ಬಾ ತಾಯಿ, ಬಾ" ಎಂದು ಕರೆಂಟನ್ನು ಕರೆಯುತ್ತಿದ್ದರು. ನೂರಾ ಅರವತ್ತು ಮಂದಿ ಒಂದನ್ನು ಬೇಡುವಾಗ ಒಬ್ಬನೇ ಮಾಸ್ಕಿನೊಳಗಿಂದ ಅದರ ವಿರುದ್ಧ ಬೇಡುವುದು ಎಷ್ಟು ಕಷ್ಟವೆಂದು ಲಗಮಣ್ಣನಿಗೆ ಆಗ ತಿಳಿಯಿತು. ಐದು ನಿಮಿಷ ಕಡಿಮೆ. ನಿಲೇಶನ ಮೋಟಾರ್ ಸೈಕಲ್ಲು ಕಂಬದ ಬುಡದಲ್ಲಿ ನಿಂತಿತು. ಅವನು ರಬ್ಬರಿನ ಕೈಗವಸು ಹಾಕಿಕೊಂಡ.

ಲಗಮಣ್ಣನ ಕಣ್ಣ ಮುಂದೆ ಮಗಳ ಚೀಲ ಬಂತು. ಆಮೇಲೆ ಬೀಗರ ಎರಡು ಕಣ್ಣು ಬಂದವು. ಹುಟ್ಟಲಿರುವ ಮೊಮ್ಮಗುವನ್ನು ಅವು ನೋಡಬೇಕು.

"ಚನ್ನಿ, ಚಿಲಕಾ ತಗಿ," ಎಂದ. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಆ ದನಿಯನ್ನು ಅವಳು ಕೇಳಿರಲಿಲ್ಲ. ತೆಗೆದಳು.

ಅವನು ಮಳೆಯಲ್ಲಿ ಅಂಗಳದ ಕೆಸರು ಹಾರಿಸುತ್ತ ಓಡಿದ. ಎರಡೂ ಕೈಯಿಂದ ಬಾಗಿಲು ಬಡಿದ.

"ಬೀಗರ, ಹೊರಗ ಬರ್ರಿ. ಕರೆಂಟ ಬರಾಕತ್ತೈತಿ. ಬಂದ್ರ ದೀಪ ನಿಮ್ಮ ಮ್ಯಾಲ ಹತ್ತತೈತಿ. ಕಣ್ಣು ಹೋಗ್ತಾವ್ರಿ. ಗುಂಡಿಗೆ ನಾನ ಸಿಬರ ಇಟ್ಟೇನಿ. ತಪ್ಪ ನಂದೈತಿ."

ಇಡೀ ಕೇಂದ್ರ ಕೇಳಿತು. ವರಾಂಡದ ‘ಬಾ ತಾಯಿ’ ಕೂಗು ನಿಂತಿತು.

ಒಳಗಿನಿಂದ ಒಂದು ಕೆಮ್ಮು. ಅಭ್ಯಾಸ.

"ಕೆಮ್ಮಬ್ಯಾಡ್ರಿ ಬೀಗರ, ನಿಮ್ಮ ಕಾಲ ಬೀಳ್ತೀನಿ. ಬರಾಕ ಆಗಲಿಲ್ಲಂದ್ರ ಪಟಕಾ ಬಿಚ್ಚಿ ಮಾರಿಗೆ ಸುತ್ಕೋರಿ."

ಒಳಗೆ ಬಟ್ಟೆ ಸರಿದ ಸದ್ದಾಯಿತು. ನೀರು ಸುರಿದ ಸದ್ದಾಯಿತು. ಕಂಬದ ಮೇಲೆ ಟಕ್ ಎಂದಿತು. ವರಾಂಡದಲ್ಲಿ ಎಪ್ಪತ್ತು ಮೊಬೈಲು ಒಮ್ಮೆಲೇ ಕಿಣಿಗುಟ್ಟಿದವು. ಗುಂಡಿಯ ಪಕ್ಕದ ಕೆಂಪು ದೀಪ ಹತ್ತಿತು. ಬಾಗಿಲ ಕೆಳಗೆ ನೀಲಿ ಬೆಳಕು ಹರಿಯಿತು. ರಾಮವ್ವನ ಕೈ ತಾವಾಗಿಯೇ ಮುಗಿದುಕೊಂಡವು.

ಹತ್ತು ಎಣಿಸುವಷ್ಟರಲ್ಲಿ ಅಗಳಿ ಸರಿಯಿತು. ಬಾಗಿಲು ತೆರೆಯಿತು. ಗುಲಾಬಿ ಪಟಕಾವನ್ನು ತಲೆಯಿಂದ ಕೊರಳವರೆಗೆ ಸುತ್ತಿಕೊಂಡ, ಮುಖವಿಲ್ಲದ ಒಬ್ಬ ದೊಡ್ಡ ಮನುಷ್ಯ ಒಂದು ಕೈಯಲ್ಲಿ ಚರಗಿ ಹಿಡಿದು, ಇನ್ನೊಂದು ಕೈಯಿಂದ ಗಾಳಿ ತಡವುತ್ತ ಹೊರಗೆ ಬಂದ. ಲಗಮಣ್ಣ ಆ ಕೈ ಹಿಡಿದು ಕಟ್ಟೆಯ ಮೇಲೆ ಕೂರಿಸಿದ. ಕೂರಿಸಿದ್ದು ಚಹಾ ಕಪ್ಪುಗಳ ಮೇಲೆ.

ಶೈಲಾ ಬಾಗಿಲು ಎಳೆದು ಮುಚ್ಚಿ ಓಡಿಬಂದು ಪಟಕಾ ಬಿಚ್ಚಿಸಿದಳು. ಕಣ್ಣು ಅಗಲಿಸಿ ಬ್ಯಾಟರಿ ಬಿಟ್ಟು ನೋಡಿದಳು. ಇದು ಎಷ್ಟು ಬೆರಳು, ಅದು ಎಷ್ಟು ಬೆರಳು ಎಂದು ಕೇಳಿದಳು. ದಾದಾಸಾಹೇಬರು ಸರಿಯಾಗಿಯೇ ಎಣಿಸಿದರು. ಬಲಗಿವಿಯ ತುದಿಯೊಂದು ಪಟಕಾದಿಂದ ಹೊರಗುಳಿದಿತ್ತು. ಅದು ಮರುದಿನ ಸ್ವಲ್ಪ ಕೆಂಪಾಯಿತಂತೆ, ಅಷ್ಟೇ.

"ಈ ಕೆಲಸ ಮಾಡಿದಾವ್ರು ನೀವೇನ್ರಿ ಕಾಕಾ?" ಎಂದು ಶೈಲಾ ಗುಂಡಿ ನೋಡಿ ಕೇಳಿದಳು. "ಬೇಕಂತನ ಹಂಗ ಮಾಡ್ಯಾರ ಅಂತ ಹೇಳಿದ್ನಿಲ್ಲೋ?"

ಲಗಮಣ್ಣ ಕೊರಳಿನ ಬೀಗದ ಕೈ ತೆಗೆದು ಅವಳ ಕೈಗೆ ಕೊಟ್ಟ.

ದಾದಾಸಾಹೇಬರು ಎದ್ದು ಗೋಡೆಯ ಹತ್ತಿರ ಹೋಗಿ, ಗುಂಡಿಯ ಸಂದಿಯನ್ನು ಬಗ್ಗಿ ನೋಡಿದರು.

"ಕಬ್ಬಿಂದೇನು?"

"ಹೌದ್ರಿ ಬೀಗರ."

"ಕಬ್ಬಿಂದು ಮಳಿಗೆ ಉಬ್ಬತೈತಿ. ನಾ ಬೇವಿನ ಕಡ್ಡಿ ಇಡ್ತೀನಿ."

ಶೈಲಾ ಇಬ್ಬರನ್ನೂ ಒಬ್ಬರಾದ ಮೇಲೆ ಒಬ್ಬರಂತೆ ನೋಡಿದಳು. "ಇದು ಬಾವಿ ಮೋಟಾರ ಅಲ್ರಿ ಯಜಮಾನ್ರ."

ದಾದಾಸಾಹೇಬರು ಪಟಕಾವನ್ನು ಕೊಡವಿ, ಮತ್ತೆ ತಲೆಗೆ ಸುತ್ತಿಕೊಂಡು, ಖೋಲಿಯ ಬಾಗಿಲಲ್ಲಿ ನಿಂತಿದ್ದ ಸೊಸೆಯ ಕಡೆ ತಿರುಗಿದರು.

"ಮನೀಷಾ, ಚೀಲ ತುಂಬವಾ. ಹೋಗೂನು."

ಚನ್ನವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಲಗಮಣ್ಣ ನೆಲ ನೋಡಿದ. ಮನೀಷಾ ಮಾತ್ರ ನಿಂತಲ್ಲಿಂದ ಅಲುಗಲಿಲ್ಲ. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ತಲೆ ತಗ್ಗಿಸಿ, ಆದರೆ ಎಲ್ಲರಿಗೂ ಕೇಳುವಂತೆ ಕೇಳಿದಳು.

"ಬರ್ತೀನ್ರಿ ಮಾವಾರ. ನಮ್ಮನಿ ಸಂಡಾಸದಾಗಿನ ಗೊಬ್ಬರದ ಚೀಲ ತಗದೀರೇನ್ರಿ?"

ಅಲಖನೂರಿನ ದೊಡ್ಡಮನೆಯ ಟೈಲ್ಸಿನ ಸಂಡಾಸದಲ್ಲಿ ಎರಡು ವರ್ಷದಿಂದ ಗೊಬ್ಬರದ ಚೀಲ ಪೇರಿಸಿದ್ದರು. ಮನೆಯ ಹೆಂಗಸರು ನಸುಕಿನಲ್ಲಿ ಕಬ್ಬಿನ ಮರೆಗೆ ಹೋಗುತ್ತಿದ್ದರು. ಈ ಸಂಗತಿ ಆ ಊರಿನಾಚೆ ಯಾರಿಗೂ ಗೊತ್ತಿರಲಿಲ್ಲ. ಈಗ ನೂರಾ ಅರವತ್ತು ಮಂದಿಗೆ ಗೊತ್ತಾಯಿತು.

ದಾದಾಸಾಹೇಬರು ಕೆಮ್ಮಿದರು.

ಒಳಗಿನಿಂದ ಕೇಳಿದ್ದ ಅದೇ ಗಂಭೀರ ಕೆಮ್ಮು. ಜಾಗ ಖಾಲಿಯಿಲ್ಲ ಎಂದು ಅದರ ಅರ್ಥ.

ರಾಮವ್ವ ಚರಗಿ ಎತ್ತಿಕೊಂಡು, "ಹೋಗ್ಲಿ ಬಿಡೋ ಎಪ್ಪಾ, ಚೀಲಕ್ಕೂ ಅವಸರ ಆಗಿರತೈತಿ," ಎಂದಳು.

ಟೆಂಪೋ ಗೇಟಿನ ಮುಂದೆ ಹಾರ್ನು ಹೊಡೆಯಿತು. ದಾದಾಸಾಹೇಬರು ಅಂಟಿನ ಉಂಡೆಯ ಡಬ್ಬಿಯನ್ನು ಚನ್ನವ್ವನ ಮುಂದೆ ಇಟ್ಟರು. "ಹುಡುಗಿ ಇಲ್ಲೇ ಇರಲಿ. ಬಾಣಂತನ ಮುಗಿಸೇ ಕಳಸ್ರಿ. ಇಲ್ಲಿ ಕುಂತ್ರ ಏಳಬೇಕ ಅನಸಾಂಗಿಲ್ಲ," ಎಂದರು. ಜೀವನದಲ್ಲಿ ಅವರು ಬೀಗರ ಬಗ್ಗೆ ಆಡಿದ ಮೊದಲ ಹೊಗಳಿಕೆ ಅದು. ಶೈಲಾಳ ಕೈಯಲ್ಲಿದ್ದ ಬೀಗದ ಕೈಯನ್ನು ನೋಡಿ, "ಅದನ್ನ ನಮ್ಮ ಸೊಸಿ ಕೈಯಾಗ ಕೊಡ್ರಿ. ಕೇಳಬೇಕಾದ್ದನ್ನ ಕೇಳ್ತಾಳ," ಎಂದರು.

ಗೇಟಿನವರೆಗೂ ಲಗಮಣ್ಣ ಬೀಗರ ಹಿಂದೆ ನಡೆದ. ದಾದಾಸಾಹೇಬರು ನಡೆಯುತ್ತಲೇ ಕಿಸೆಯಿಂದ ಫೋನು ತೆಗೆದು, "ಅಮೋಲ, ಗೊಬ್ಬರದ ಚೀಲ ಅಟ್ಟಕ್ಕ ಹಾಕಿಸು. ಯಾಕಂತ ಕೇಳಬ್ಯಾಡ," ಎಂದು ಇಟ್ಟರು. ಟೆಂಪೋ ಹತ್ತುವ ಮುಂಚೆ ಸುತ್ತ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಒಳಕಿಸೆಯಿಂದ ನಯವಾಗಿ ಕೆತ್ತಿದ ಗೇಣುದ್ದದ ಬೇವಿನ ಕಡ್ಡಿಯೊಂದನ್ನು ತೆಗೆದು ಲಗಮಣ್ಣನ ಅಂಗೈಗೆ ಇಟ್ಟರು.

"ನೀರ ಇಳದ ಮ್ಯಾಲ ಮೋಟಾರಕ್ಕ. ಇಲ್ಲಿ ಅಲ್ಲ."

ಲಗಮಣ್ಣ ಅದನ್ನು ಎರಡೂ ಕಣ್ಣಿಗೆ ಒತ್ತಿಕೊಂಡು ಕಿಸೆಯಲ್ಲಿಟ್ಟ. ರಾತ್ರಿ ಅಂಗಿ ಗೂಟಕ್ಕೆ ತೂಗುಹಾಕಿ ಮಲಗಿದ. ಬೆಳಿಗ್ಗೆ ಎದ್ದು ನೋಡಿದಾಗ ಕಿಸೆ ಬರಿದಾಗಿತ್ತು. ಅಂಗಳದ ನಳದ ಹತ್ತಿರ ಚನ್ನವ್ವ ಅದನ್ನು ತುದಿ ಜಗಿದು ಕುಂಚ ಮಾಡಿ, ನಿಧಾನವಾಗಿ ಹಲ್ಲು ತಿಕ್ಕುತ್ತಿದ್ದಳು. ಅವನನ್ನು ನೋಡಿ ಪಕ್ಕಕ್ಕೆ ಉಗುಳಿದಳು.

"ಬೀಗರು ಚಲೋ ಕಡ್ಡಿ ಕೊಟ್ಟಾರ," ಎಂದಳು.